ಅತ್ತೆಯ ಡೇರೆ ಗಿಡಗಳನ್ನು ಬಸವನಹುಳು ಮುಗಿಸುತ್ತಿದೆ, ಗೌರಿ ಹಬ್ಬದೊಳಗೆ ಏನಾದರೂ ದಾರಿ ಹೇಳಿ

ಆಲ್ದೂರು ಸೊಸೆ · ಸೋಮವಾರ ಬೆಳಿಗ್ಗೆ 7:40
ಎಲ್ಲರಿಗೂ ನಮಸ್ಕಾರ. ನಾದಿನಿಯ ಬಾಣಂತನಕ್ಕೆ ಅಂತ ನಮ್ಮತ್ತೆ ಬೆಂಗಳೂರಿಗೆ ಹೋಗಿ ಇವತ್ತಿಗೆ 23 ದಿನ. ಹೋಗುವಾಗ ಮಗನನ್ನು ನೋಡಿಕೋ ಅನ್ನಲಿಲ್ಲ, ಮನೆ ನೋಡಿಕೋ ಅನ್ನಲಿಲ್ಲ. "ಡೇರೆ ನೋಡಿಕೋ" ಅಂದರು. ಅಂಗಳದ ಅಂಚಿಗೆ ಸಾಲಾಗಿ, ಹಳೇ ಪೇಂಟ್ ಡಬ್ಬಿಗಳಲ್ಲಿ, ಎಲ್ಲಾ ಸೇರಿ 31 ಗಿಡ. ಈಗ ಉಳಿದಿರುವುದು 14.

ಆಶ್ಲೇಷ ಮಳೆ ಒಂದೇ ಸಮನೆ ಹೊಯ್ಯಿತು. ಅದರ ಜೊತೆ ಬಸವನಹುಳು. ರಾತ್ರಿ ಬ್ಯಾಟರಿ ಹಿಡಿದು ಹೋದರೆ ಒಂದೊಂದು ನನ್ನ ಅಂಗೈಯಷ್ಟಿದೆ. ಮೊಗ್ಗಿನ ಕುತ್ತಿಗೆ ತಬ್ಬಿಕೊಂಡು ಕೂತಿರುತ್ತದೆ. ಬೆಳಿಗ್ಗೆ ನೋಡಿದರೆ ಬರೀ ಕಡ್ಡಿ, ಅದರ ಮೇಲೆ ಗಂಜಿ ಬಳಿದು ಒಣಗಿದ ಹಾಗೆ ಒಂದು ಗೆರೆ.

ಅತ್ತೆ ದಿನಾ ಹನ್ನೊಂದು ಗಂಟೆಗೆ ವಿಡಿಯೋ ಕಾಲ್ ಮಾಡುತ್ತಾರೆ. "ಮಗು ನೋಡು" ಅಂತ ಒಂದು ನಿಮಿಷ, "ಡೇರೆ ತೋರಿಸು" ಅಂತ ಹತ್ತು ನಿಮಿಷ. ಮೆಟ್ಟಿಲ ಪಕ್ಕ ಹಸಿರು ಡಬ್ಬಿಯಲ್ಲಿರುವ ಕಡುಗೆಂಪು ಡೇರೆ ಮಾತ್ರ ಚೆನ್ನಾಗಿದೆ. ಅದನ್ನೇ ಆ ಕಡೆಯಿಂದ, ಈ ಕಡೆಯಿಂದ, ಮೇಲಿನಿಂದ ತೋರಿಸುತ್ತಿದ್ದೇನೆ. ಆಮೇಲೆ ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡುತ್ತೇನೆ. ಹಬ್ಬಕ್ಕೆ ಇನ್ನು 18 ದಿನ. ಅವರು ಬಂದೇ ಬರುತ್ತಾರೆ.

ಕೊಪ್ಪದ ಕೆಸು · ಬೆಳಿಗ್ಗೆ 8:05
ಅಯ್ಯೋ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ನಗಿಸಿಬಿಟ್ಟೆ. ಒಂದೇ ಗಿಡಕ್ಕೆ ಮೂರು ವೇಷ!

ನಮ್ಮಲ್ಲಿ ಬಾತುಕೋಳಿ ನಾಲ್ಕಿವೆ. ಸಣ್ಣ ಬಸವನಹುಳುಗಳನ್ನು ಹುರಿಗಡಲೆ ಹಾಗೆ ತಿನ್ನುತ್ತವೆ. ದೊಡ್ಡದಕ್ಕೆ ಅವು ಮೂತಿ ಹಾಕುವುದಿಲ್ಲ. ಅದಕ್ಕೆ ಬೇಲಿಯ ಕೆಂಬೂತ ಇದೆ. ಚಿಪ್ಪು ಒಡೆದು ಒಳಗಿನದ್ದು ಹೆಕ್ಕುತ್ತದೆ. ಬೇಲಿ ಪೂರ್ತಿ ಸವರಿ ಚೊಕ್ಕಟ ಮಾಡಿದವರ ತೋಟಕ್ಕೆ ಕೆಂಬೂತ ಬರುವುದಿಲ್ಲ, ನೋಡಿ. ಆದರೆ ಬಾತುಕೋಳಿ ಡೇರೆಯ ಎಳೆ ಕುಡಿಯನ್ನೂ ತಿನ್ನುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಬೈಯಬೇಡ.

ಬೇಲೂರು ಹಿತ್ತಲು · ಬೆಳಿಗ್ಗೆ 8:30
ತಂಗಿ, ಗಾಬರಿ ಬೇಡ. ನನ್ನದು ಮೂವತ್ತು ವರ್ಷದ ಡೇರೆ ಸಹವಾಸ.

ಇವತ್ತು ಸಂಜೆ ಎರಡು ಗೋಣಿಚೀಲ ನೆನೆಸಿ ಗಿಡಗಳ ನಡುವೆ ಹಾಸು. ಕೆಳಗೆ ಪರಂಗಿ ಎಲೆ, ಇಲ್ಲದಿದ್ದರೆ ಎಲೆಕೋಸಿನ ಹೊರಗಿನ ಎಲೆ ಹಾಕು. ರಾತ್ರಿ ಮೇಯುವ ಹುಳು ಬೆಳಕಾಗುವ ಹೊತ್ತಿಗೆ ತಂಪು, ಕತ್ತಲೆ ಹುಡುಕಿಕೊಂಡು ಅದರಡಿಗೆ ಸೇರುತ್ತದೆ. ಬಿಸಿಲು ಬರುವ ಮೊದಲು, ಬಿಸಿಲು ಎಲ್ಲಿ ಬರಬೇಕು ಈ ಮಳೆಯಲ್ಲಿ, ಒಟ್ಟಿನಲ್ಲಿ ಆರೂವರೆಯೊಳಗೆ ಚೀಲ ಎತ್ತು. ಇಕ್ಕಳದಲ್ಲಿ ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕು. ಉಪ್ಪನ್ನು ಗಿಡದ ಬುಡಕ್ಕೆ ಮಾತ್ರ ಎರಚಬೇಡ. ನಮ್ಮ ಪಕ್ಕದ ಮನೆಯವರು ಹಾಗೆ ಮಾಡಿ ಹುಳುವಿಗಿಂತ ಮೊದಲು ಗಿಡ ಕಳೆದುಕೊಂಡರು.

ಇನ್ನೊಂದು. ಹೂ ಕೊಯ್ದ ಜಾಗ ನೋಡಿದ್ದೀಯಾ? ಡೇರೆ ದಂಟು ಒಳಗೆ ಟೊಳ್ಳು, ಥೇಟ್ ಕೊಳವೆ. ಗಣ್ಣಿಗಿಂತ ಮೇಲೆ ಉದ್ದಕ್ಕೆ ಬಿಟ್ಟು ಕತ್ತರಿಸಿದರೆ ಮಳೆನೀರು ಅದರೊಳಗೆ ಇಳಿದು ನಿಲ್ಲುತ್ತದೆ. ಹಾಗೇ ಕೊಳೆಯುತ್ತಾ ಗಡ್ಡೆಯವರೆಗೂ ಹೋಗುತ್ತದೆ. ಗಣ್ಣಿನ ಮೇಲೇ ಓರೆಯಾಗಿ ಕತ್ತರಿಸು. ಸತ್ತ 17 ಗಿಡಗಳಲ್ಲಿ ಎಷ್ಟು ಹುಳುವಿನದ್ದು, ಎಷ್ಟು ನೀರಿನದ್ದು ಅಂತ ಒಂದು ಸಲ ದಂಟು ಸೀಳಿ ನೋಡು.

ಹಾಸನ ತಾರಸಿ · ಬೆಳಿಗ್ಗೆ 9:15
ನಮ್ಮ ತಾರಸಿಗೆ ಬಸವನಹುಳು ಹತ್ತಿಲ್ಲ, ಆದರೆ ಬೆಕ್ಕು ಹತ್ತಿದೆ. ದೊಡ್ಡ ಗುಲಾಬಿ ಕುಂಡದ ಹಿಂದೆ ಗೊಬ್ಬರದ ಚೀಲದ ಮೇಲೆ ಮೂರು ಮರಿ. ಕಣ್ಣು ಇನ್ನೂ ಬಿಟ್ಟಿಲ್ಲ. ಮಕ್ಕಳು ಶಾಲೆಗೆ ಹೋಗಲು ಒಪ್ಪುತ್ತಿಲ್ಲ.

ಅದಿರಲಿ, ದಾಸವಾಳದ ತುದಿಗೆ ಬಿಳಿ ಹತ್ತಿ ಹಾಗೆ ಹಿಟ್ಟು ತಿಗಣೆ ಕೂತಿದೆ. ಮರಿಗಳು ಪಕ್ಕದಲ್ಲೇ ಇರುವುದರಿಂದ ಔಷಧಿ ಹೊಡೆಯಲು ಭಯ. ಯಾರಾದರೂ ಹೇಳಿ.

ಮೂಡಿಗೆರೆ ಹುಡುಗ · ಮಧ್ಯಾಹ್ನ 12:50
ತಾರಸಿ ಅಕ್ಕ, ಮೊದಲು ಗಿಡವನ್ನು ದೂರದ ಮೂಲೆಗೆ ಸರಿಸಿ ನೀರು ರಭಸವಾಗಿ ಬಿಟ್ಟು ತೊಳೆಯಿರಿ. ತೀರಾ ಮುತ್ತಿಕೊಂಡ ತುದಿ ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು, ಸಂಜೆ ಹೊಡೆಯಿರಿ. ಇರುವೆ ಸಾಲು ಇದೆಯಾ ನೋಡಿ. ಹಿಟ್ಟು ತಿಗಣೆಯ ಸಿಹಿ ರಸಕ್ಕಾಗಿ ಇರುವೆಗಳೇ ಅದನ್ನು ಕಾಯುತ್ತವೆ. ಇರುವೆ ನಿಲ್ಲಿಸದೆ ತಿಗಣೆ ನಿಲ್ಲುವುದಿಲ್ಲ.

ಆಲ್ದೂರು ಅಕ್ಕ, ನಿಮ್ಮದು ಆಫ್ರಿಕನ್ ದೈತ್ಯ ಬಸವನಹುಳು. ಊರಿನದ್ದಲ್ಲ. ನಾವು ಓದಿದ ಪ್ರಕಾರ 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಯ ಒಂದು ತೋಟಕ್ಕೆ ಯಾರೋ ತಂದು ಬಿಟ್ಟದ್ದು. ಅಲ್ಲಿಂದ ಶುರುವಾಗಿ ಈಗ ನಿಮ್ಮ ಅಂಗಳ. ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ. ಡಬ್ಬಿಗಳ ಅಡಿ, ಕಲ್ಲಿನ ಸಂದಿ, ಸಡಿಲ ಮಣ್ಣು ಕೆದಕಿ ನೋಡಿ. ನೆನೆಸಿದ ಸಾಬಕ್ಕಿ ಗುಪ್ಪೆ ಹಾಗೆ ಕಂಡರೆ ಅದೇ ಮೊಟ್ಟೆ. ಒಂದು ಗುಪ್ಪೆ ತೆಗೆದರೆ ಮುಂದಿನ ವರ್ಷದ ಅರ್ಧ ಕೆಲಸ ಆದ ಹಾಗೆ.

ಬರಿಗೈಯಲ್ಲಿ ಮುಟ್ಟಬೇಡಿ. ಅದರ ಮೈಯಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಒಂದು ಸಣ್ಣ ಹುಳು ಇರಬಹುದು. ಸೊಪ್ಪು ಬೆಳೆದಿದ್ದರೆ ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ.

ಆಲ್ದೂರು ಸೊಸೆ · ಮಧ್ಯಾಹ್ನ 1:20
ಎಲ್ಲರಿಗೂ ಥ್ಯಾಂಕ್ಸ್. ಬೇಲೂರು ಟೀಚರ್ ಹೇಳಿದ ಹಾಗೆ ದಂಟು ಸೀಳಿದೆ. ಆರು ಗಿಡದಲ್ಲಿ ಒಳಗೆ ನೀರು, ಕಂದು ಬಣ್ಣ, ಕೊಳೆತ ವಾಸನೆ. ಅವು ನನ್ನ ಕತ್ತರಿಯಿಂದಲೇ ಸತ್ತದ್ದು! ವರಮಹಾಲಕ್ಷ್ಮಿ ಹಬ್ಬಕ್ಕೆ ಹೂ ಕೊಯ್ದಿದ್ದೆ.

ಇವರು ನಿನ್ನೆ ಸಂಜೆ ಪೇಟೆಯ ಅಂಗಡಿಯಿಂದ ಬಸವನಹುಳುವಿನ ಗುಳಿಗೆ ತಂದಿದ್ದಾರೆ. ನೀಲಿ ಬಣ್ಣ, ಸಣ್ಣ ಕಾಳಿನ ಹಾಗೆ. ರಾತ್ರಿಯೇ ಗಿಡದ ಸುತ್ತ ಉದುರಿಸಿದ್ದೇವೆ. ಅದರ ಜೊತೆ ಗೋಣಿಚೀಲವನ್ನೂ ಹಾಸಬಹುದಾ?

ಮೂಡಿಗೆರೆ ಹುಡುಗ · ಮಧ್ಯಾಹ್ನ 1:24
ಅಕ್ಕ, ಮನೆಯಲ್ಲಿ ನಾಯಿ ಇದೆಯಾ? ಪ್ಯಾಕೆಟ್ ಮೇಲೆ ಮೆಟಾಲ್ಡಿಹೈಡ್ ಅಂತ ಇದೆಯಾ? ಇದ್ದರೆ ಈಗಲೇ ನಾಯಿ ಕಟ್ಟಿ, ಗುಳಿಗೆ ಎಲ್ಲಾ ಹೆಕ್ಕಿ. ಕೈಗೆ ಕವರ್ ಹಾಕಿಕೊಳ್ಳಿ. ತೌಡಿನಂಥ ತಿನಿಸಿನಲ್ಲೇ ವಿಷ ಬೆರೆಸಿ ಮಾಡುವುದು ಅದು. ನಾಯಿಗೆ ಬಿಸ್ಕೆಟ್ ಹಾಗೆ ಕಾಣುತ್ತದೆ.

ಸಕಲೇಶಪುರ ಏಲಕ್ಕಿ · ಮಧ್ಯಾಹ್ನ 1:40
ಹುಡುಗ ಹೇಳಿದ್ದು ಸರಿ. ನಾನು ಇಲ್ಲಿ ಬರೆಯುವುದು ಕಮ್ಮಿ, ಇದಕ್ಕೆ ಬರೆಯಲೇಬೇಕು.

ನಮ್ಮ ಟೈಗರ್ ಹೋದದ್ದು ಹೀಗೆಯೇ. ಎರಡು ವರ್ಷದ ಹಿಂದೆ, ಇದೇ ಮಳೆಗಾಲ. ಕಾಫಿ ನರ್ಸರಿಯ ಬುಟ್ಟಿಗಳ ನಡುವೆ ಗುಳಿಗೆ ಹಾಕಿಸಿದ್ದೆ. ಸಂಜೆ ಬಂದು ಜಗಲಿಯಲ್ಲಿ ಮಲಗಿದ. ಬಾಯಲ್ಲಿ ಜೊಲ್ಲು. ಚಳಿಗೆ ನಡುಗುತ್ತಿದ್ದಾನೆ ಅಂದುಕೊಂಡು ನಾನು ಕಂಬಳಿ ಹೊದಿಸಿದೆ. ಚಳಿಯಲ್ಲ ಅದು. ಮೈ ಕೆಂಡದ ಹಾಗೆ ಸುಡುತ್ತಿತ್ತು. ರಾತ್ರಿ ಫಿಟ್ಸ್ ಶುರುವಾಯಿತು. ಘಟ್ಟದ ಕಡೆ ಮರ ಬಿದ್ದು ರಸ್ತೆ ಬಂದ್. ಡಾಕ್ಟರ ಹತ್ತಿರ ತಲುಪುವಾಗ ಬೆಳಗಾಗಿತ್ತು. ಅಂಗಡಿಯವನು ಮಾರುವಾಗ ಒಂದು ಮಾತು ಹೇಳಲಿಲ್ಲ, ನಾನೂ ಪ್ಯಾಕೆಟ್ ಓದಲಿಲ್ಲ.

ತಂಗಿ, ನಾಯಿ ತಿಂದಿರಬಹುದು ಅನ್ನುವ ಅನುಮಾನ ಇದ್ದರೂ ಸಾಕು, ಲಕ್ಷಣ ಕಾಯಬೇಡ. ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡೇ ಹೋಗು.

ಆಲ್ದೂರು ಸೊಸೆ · ಮಧ್ಯಾಹ್ನ 3:35
ಹೆಕ್ಕಿದೆವು. ಮಳೆಯಲ್ಲಿ ಕೊಡೆ ಹಿಡಿದುಕೊಂಡು ಇಬ್ಬರೂ ಕುಕ್ಕರಗಾಲಲ್ಲಿ ಕೂತು ಒಂದೂಕಾಲು ಗಂಟೆ. ಮೂರು ಇಂಬಳ ಕಚ್ಚಿಸಿಕೊಂಡೆ. ಕೆಲವು ಗುಳಿಗೆ ಕರಗಿ ನೀಲಿ ಅಂಟಾಗಿತ್ತು. ಅಲ್ಲಿನ ಮಣ್ಣನ್ನೇ ಕೆರೆದು ತೆಗೆದೆವು.

ನಮ್ಮ ನಾಯಿ ಕೆಂಚ ಬೆಳಿಗ್ಗೆಯಿಂದ ಬಚ್ಚಲಮನೆಯ ಹಂಡೆ ಒಲೆ ಮುಂದೆ ಬಿದ್ದುಕೊಂಡಿದ್ದ. ಮಳೆ ಅಂದರೆ ಅವನಿಗೆ ಆಗದು, ಅದೇ ಉಳಿಸಿತು ಅಂತ ಕಾಣುತ್ತದೆ. ಆದರೆ ಕೊಟ್ಟಿಗೆಯಲ್ಲಿಟ್ಟಿದ್ದ ಪ್ಯಾಕೆಟ್ಟಿನ ಒಂದು ಮೂಲೆ ಹರಿದಿದೆ. ಇಲಿಯೋ ಇವನೋ ಗೊತ್ತಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಕಾಯಬೇಡಿ, ಕರೆದುಕೊಂಡು ಬನ್ನಿ ಅಂದರು. ಜೀಪಿನಲ್ಲಿ ಹೊರಟಿದ್ದೇವೆ. ಏಲಕ್ಕಿ ಅಣ್ಣ, ನಿಮ್ಮದನ್ನು ಓದಿ ಕೈ ನಡುಗುತ್ತಿದೆ.

ಅರಸೀಕೆರೆ ತೆಂಗು · ಸಂಜೆ 6:10
ನಾಯಿ ಹೇಗಿದೆ ಅಂತ ಮೊದಲು ಹೇಳಿ ತಾಯಿ.

ನೀವೆಲ್ಲ ಮಳೆ ಜಾಸ್ತಿ ಅಂತ ಅಳುತ್ತೀರಿ. ನಮ್ಮಲ್ಲಿ ಮೋಡ ಮೇಲಿಂದ ಹಾಗೇ ಹೋಗುತ್ತದೆ, ಬಸ್ ನಿಲ್ಲಿಸದ ಡ್ರೈವರ್ ಹಾಗೆ. ಒಂದೇ ಜಿಲ್ಲೆ ಅಂತ ಹೇಳಿಕೊಳ್ಳಬೇಕು ನಾನು ಮತ್ತು ಏಲಕ್ಕಿಯವರು! ಬಂದರೆ ಮಘೆ, ಇಲ್ಲದಿದ್ದರೆ ಹೊಗೆ ಅಂತಾರಲ್ಲ, ನಾವು ಈಗ ಆ ಮಘೆಯನ್ನೇ ಕಾಯುತ್ತಾ ಕೂತಿದ್ದೇವೆ. ಮನೆ ಮುಂದಿನ ಕನಕಾಂಬರ ಒಂದು ಚೆನ್ನಾಗಿದೆ, ಅದಕ್ಕೆ ಯಾರ ಹಂಗೂ ಇಲ್ಲ.

ಆಲ್ದೂರು ಸೊಸೆ · ರಾತ್ರಿ 9:50
ಬಂದೆವು. ಡಾಕ್ಟರು ನೋಡಿದರು, ಎರಡು ಗಂಟೆ ಅಲ್ಲೇ ಇಟ್ಟುಕೊಂಡರು. ನಡುಕ ಇಲ್ಲ, ಜ್ವರ ಇಲ್ಲ. ತಿಂದ ಹಾಗೆ ಕಾಣುವುದಿಲ್ಲ ಅಂದರು. ರಾತ್ರಿ ಒಂದು ಕಣ್ಣಿಟ್ಟಿರಿ ಅಂತ ಹೇಳಿ ಕಳಿಸಿದರು. ಇವರು ಬಚ್ಚಲಮನೆ ಬಾಗಿಲಲ್ಲಿ ಚಾಪೆ ಹಾಕಿಕೊಂಡಿದ್ದಾರೆ. ನನಗೆ ಜ್ವರ ಬಂದಾಗ ಯಾರೂ ಹೀಗೆ ಕಾಯಲಿಲ್ಲ, ಇರಲಿ.

ಹಾಸನ ತಾರಸಿ · ರಾತ್ರಿ 10:05
ಅಬ್ಬಾ! ಸದ್ಯ.

ಇದನ್ನೆಲ್ಲ ಓದಿ ನಮ್ಮ ತಾರಸಿಯನ್ನೂ ಒಂದು ಸಲ ನೋಡಿದೆ. ಲಿಲ್ಲಿ ಕುಂಡ ಎರಡಿದ್ದವು. ಬೆಕ್ಕಿಗೆ ಲಿಲ್ಲಿ ಆಗದು, ಮೈಗೆ ಅಂಟಿದ ಪರಾಗ ನೆಕ್ಕಿದರೂ ಮೂತ್ರಪಿಂಡ ಹಾಳಾಗುತ್ತದೆ ಅಂತ ಹಿಂದೆ ನಮ್ಮ ಡಾಕ್ಟರು ಹೇಳಿದ್ದರು, ಮರೆತೇಬಿಟ್ಟಿದ್ದೆ. ರಾತ್ರೋರಾತ್ರಿ ಕೆಳಗಿನ ಮನೆಯವರಿಗೆ ದಾನ ಮಾಡಿ ಬಂದೆ.

ಬೇಲೂರು ಹಿತ್ತಲು · ಮಂಗಳವಾರ ಬೆಳಿಗ್ಗೆ 6:20
ಕೆಂಚ ಎದ್ದನಾ?

ಆಲ್ದೂರು ಸೊಸೆ · ಬೆಳಿಗ್ಗೆ 7:15
ಎದ್ದ. ಎರಡು ರೊಟ್ಟಿ ತಿಂದ. ಇವರ ಚಾಪೆ ಮೇಲೆ ಅವನು, ಇವರು ನೆಲದ ಮೇಲೆ.

ಗೋಣಿಚೀಲ ಎತ್ತಿದೆ. 47! ಲೆಕ್ಕ ಹಾಕಿಯೇ ಬಕೆಟ್ಟಿಗೆ ಹಾಕಿದ್ದು. ಕಡುಗೆಂಪು ಡೇರೆಯ ಹಸಿರು ಡಬ್ಬಿ ಎತ್ತಿ ನೋಡಿದರೆ ಅಡಿಯಲ್ಲೇ ಸಾಬಕ್ಕಿ ಗುಪ್ಪೆ ಇತ್ತು. ನಾನು ದಿನಾ ಅತ್ತೆಗೆ ತೋರಿಸುತ್ತಿದ್ದ ಡಬ್ಬಿಯ ಅಡಿಯಲ್ಲೇ.

ಸಕಲೇಶಪುರ ಏಲಕ್ಕಿ · ಬೆಳಿಗ್ಗೆ 8:40
ಒಳ್ಳೆಯದಾಯಿತು. ನಿನ್ನೆ ರಾತ್ರಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಒಂದು ಉಪಾಯ ಹೇಳುತ್ತೇನೆ. ನಿಮ್ಮನೆಯಲ್ಲಿ ಮೆಣಸಿನ ಬಳ್ಳಿಗೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, ಅದರಲ್ಲೇ ಒಂದಿಷ್ಟು ಡಬ್ಬಿಗಳ ಹೊರಮೈಗೆ ಬಳಿಯಿರಿ. ತಾಮ್ರ ಬಸವನಹುಳುವಿಗೆ ಆಗಿಬರುವುದಿಲ್ಲ, ಅದರ ಮೇಲೆ ಹತ್ತಲು ಹಿಂದೆಗೆಯುತ್ತದೆ. ಮಳೆ ಹೊಳವಾದಾಗ ಮಾಡಬೇಕು, ಇಲ್ಲದಿದ್ದರೆ ತೊಳೆದು ಹೋಗುತ್ತದೆ.

ಅಳತೆ ಎಲ್ಲರಿಗೂ ಗೊತ್ತು, ಆದರೂ ಹೊಸಬರಿಗೆ: ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮನೆ ಮಟ್ಟಿಗೆ 100 ಗ್ರಾಂ, 100 ಗ್ರಾಂ, 10 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದೈದು ಲೀಟರಿಗೆ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹುಯ್ಯುತ್ತಾ ಕೋಲಿನಲ್ಲಿ ತಿರುಗಿಸಿ. ಆಕಾಶ ನೀಲಿ ಬರಬೇಕು. ಆಮೇಲೆ ಹೊಳೆಯುವ ಹಾಗೆ ಉಜ್ಜಿದ ಕಬ್ಬಿಣದ ಚಾಕು ಅದರಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಕಲೆ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ. ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಕಲೆ ನಿಲ್ಲುವವರೆಗೂ ನೋಡಿ. ನಮ್ಮಪ್ಪ ಇದಕ್ಕೆ ಅಂತಲೇ ಒಂದು ಹಳೇ ಅಡಿಕೆ ಕತ್ತಿ ಇಟ್ಟಿದ್ದರು. ಅಮ್ಮ ಅದನ್ನು ಅಡುಗೆಮನೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ನಾಳೆಗೆ ಇಟ್ಟರೆ ಕೆಲಸಕ್ಕೆ ಬಾರದು.

ಬಕೆಟ್ಟಿಗೂ ನಾಯಿ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ.

ಕೊಪ್ಪದ ಕೆಸು · ಬೆಳಿಗ್ಗೆ 9:30
ಬೋರ್ಡೋ ಅಂದಾಗ ನಮ್ಮಜ್ಜ ನೆನಪಾದರು. ಅಡಿಕೆ ಕೊಳೆ ರೋಗಕ್ಕೆ ಇದನ್ನು ಹೊಡೆಯಲು ಮಲೆನಾಡಿಗೆ ಕಲಿಸಿದ್ದು ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಅನ್ನುವ ಕೆನಡಾದವರು. ಬಾಳೆಹೊನ್ನೂರಿನ ಕಾಫಿ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ. ಅಜ್ಜ "ಕೋಲ್ಮನ್ ದೊರೆ" ಅಂತಲೇ ಹೇಳುತ್ತಿದ್ದರು.

ನಮ್ಮನೆ ಸುದ್ದಿ: ಹಲಸಿನ ಮರದ ಕವಲಿನಲ್ಲಿ ಮರಗೆಸು ತುಂಬಾ ಬಂದಿದೆ. ಭಾನುವಾರ ಪತ್ರೊಡೆ. ಅಣ್ಣನ ಮಗ ಏಣಿ ಹಾಕಿ ಕೊಯ್ದು ಕೊಟ್ಟ. ಮೊನ್ನೆ ತಾನೇ ಮಂಗಳೂರಿನಲ್ಲಿ ಕೆಲಸ ಸಿಕ್ಕಿದೆ ಅವನಿಗೆ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತರುತ್ತಾನಂತೆ. ಚಿಕ್ಕಮ್ಮನಿಗೆ ಏನಪ್ಪಾ ಅಂದರೆ "ನಿಮಗೆ ಡೇರೆ ಕುಂಡ" ಅಂದ. ಹುಣಸೆಹುಳಿ ಕಮ್ಮಿ ಹಾಕಿ ಅವನ ಗಂಟಲು ತುರಿಸುವ ಹಾಗೆ ಮಾಡಬೇಕು ಅಂತಿದ್ದೇನೆ.

ಬೇಲೂರು ಹಿತ್ತಲು · ಬೆಳಿಗ್ಗೆ 10:10
ನಮ್ಮವರಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು, ಹೋದ ಶುಕ್ರವಾರ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಾರೆ. ಪಟ್ಟಿ ಬಿಚ್ಚಿದ ದಿನ ಹಿತ್ತಲು ನೋಡಿ "ಈ ಹಳದಿ ಡೇರೆ ಯಾವಾಗ ಹಾಕಿದೆ?" ಅಂದರು. ಎಂಟು ವರ್ಷದಿಂದ ಅಲ್ಲೇ ಇದೆ. ಬಿಳಿ ಅಂದುಕೊಂಡಿದ್ದರಂತೆ!

ತಂಗಿ, ನಿಮ್ಮತ್ತೆಗೆ ಹೇಳಿಬಿಡು. ಡೇರೆ ಬೆಳೆಸಿದವರಿಗೆ ಮಳೆಗಾಲದಲ್ಲಿ ಗಿಡ ಹೋಗುವುದು ಹೊಸತಲ್ಲ.

ಆಲ್ದೂರು ಸೊಸೆ · ಮಧ್ಯಾಹ್ನ 12:15
ಹೇಳುವ ಮೊದಲೇ ಸಿಕ್ಕಿಬಿದ್ದೆ. ಇವತ್ತು ಕಾಲ್ ಬಂದಾಗ ಮತ್ತೆ ಅದೇ ಡಬ್ಬಿ ಮುಂದೆ ಫೋನ್ ಹಿಡಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಹಿಡಿ ಮುರಿದ ಹಸಿರು ಡಬ್ಬಿ ಒಂದು ವಾರದಿಂದ ನೋಡುತ್ತಿದ್ದೇನೆ ಕಣೇ. ಬೇರೆ ಡಬ್ಬಿ ಎಲ್ಲಾ ಎಲ್ಲಿಗೆ ಹೋದವು, ಟೂರಿಗಾ?" ಅಂದರು.

ಎಲ್ಲಾ ಹೇಳಿದೆ. ಹುಳು, ಕತ್ತರಿ, ಗುಳಿಗೆ, ಜೀಪು, ಎಲ್ಲಾ. ಡೇರೆ ಸತ್ತದ್ದಕ್ಕೆ ಒಂದು ಮಾತೂ ಬೈಯಲಿಲ್ಲ. ಗುಳಿಗೆ ತಂದದ್ದಕ್ಕೆ ಅವರ ಮಗನಿಗೆ ಹದಿನೈದು ನಿಮಿಷ ಬೈದರು. ಸ್ಪೀಕರಿನಲ್ಲಿ. ಕೆಂಚ ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿಸಿಕೊಂಡ. ಕೊನೆಗೆ "ಆ ನೇರಳೆ ಅಂಚಿನ ಬಿಳೀದು ಇದೆಯಾ?" ಅಂತ ಮಾತ್ರ ಕೇಳಿದರು. ಅದು ಇಲ್ಲ. ಅದು ಅವರ ತವರಿನಿಂದ ತಂದದ್ದು. ಇಲ್ಲ ಅಂದೆ. "ಹೋಗಲಿ ಬಿಡು" ಅಂದರು. ಅದು ಮನಸ್ಸಿನಿಂದ ಬಂದ ಮಾತಲ್ಲ.

ಮೂಡಿಗೆರೆ ಹುಡುಗ · ಮಧ್ಯಾಹ್ನ 1:05
ಅಕ್ಕ, ಮೇಲೆ ಸತ್ತಿದ್ದರೂ ಗಡ್ಡೆ ಬದುಕಿರಬಹುದು. ಅಗೆದು ನೋಡಿದ್ದೀರಾ? ಹುಳು ತಿಂದ ಗಿಡವಾಗಿದ್ದರೆ ಗಡ್ಡೆಗೆ ಏನೂ ಆಗಿರುವುದಿಲ್ಲ. ಕುತ್ತಿಗೆ ಹತ್ತಿರ ಕಣ್ಣು ಇದ್ದು, ಒತ್ತಿದರೆ ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಮೆತ್ತಗಿದ್ದರೆ ಆಸೆ ಬಿಡಿ.

ಆಲ್ದೂರು ಸೊಸೆ · ಸಂಜೆ 4:50
ಅಗೆದೆ. ಐದು ಗಡ್ಡೆ ಇದ್ದವು, ಮೂರು ಕೈಯಲ್ಲೇ ಪಿಚಕ್ ಅಂದವು. ಎರಡು ಗಟ್ಟಿ. ಒಂದರ ಕುತ್ತಿಗೆಯಲ್ಲಿ ಸಾಸಿವೆಯಷ್ಟು ಗುಲಾಬಿ ಚುಕ್ಕೆ ಇದೆ. ಅದೇ ಕಣ್ಣಾ? ಫೋಟೋ ಹಾಕಿದ್ದೇನೆ.

ಬೇಲೂರು ಹಿತ್ತಲು · ಸಂಜೆ 5:05
ಅದೇ ಕಣ್ಣು! ಹಸಿ ನೆಲಕ್ಕೆ ವಾಪಸ್ ಹಾಕಬೇಡ. ಕೊಳೆತ ಭಾಗ ಕತ್ತರಿಸಿ, ಗಾಯಕ್ಕೆ ಒಲೆಬೂದಿ ಹಚ್ಚಿ, ಅರ್ಧ ಮರಳು ಅರ್ಧ ಗೊಬ್ಬರದ ಡಬ್ಬಿಯಲ್ಲಿ ಕಣ್ಣು ಮೇಲೆ ಮಾಡಿ ಇಡು. ಮಳೆ ಬೀಳದ ಸೂರಿನಡಿ. ನೀರು ಹಾಕಲೇಬೇಡ, ಗಾಳಿಯಲ್ಲಿರುವ ತೇವವೇ ಸಾಕು ಈಗ.

ಹಬ್ಬಕ್ಕೆ ಹೂ ಬೇಕಾದರೆ ನನ್ನ ಹಳದಿಯನ್ನು ಕಳಿಸುತ್ತೇನೆ. ಜೊತೆಗೆ ಏಳೆಂಟು ಕುಡಿ ಮುರಿದು ಒದ್ದೆ ಬಟ್ಟೆ ಸುತ್ತಿ ಕೊಡುತ್ತೇನೆ. ಮರಳಲ್ಲಿ ಚುಚ್ಚಿದರೆ ಎರಡು ಮೂರು ವಾರಕ್ಕೆ ಬೇರು ಬಿಡುತ್ತವೆ. ಗೌರಿಗೆ ಹೂ ಬಿಡುವುದಿಲ್ಲ, ಕಾರ್ತಿಕದ ಹೊತ್ತಿಗೆ ಬಿಟ್ಟಾವು. ಚಿಕ್ಕಮಗಳೂರಿಗೆ ಬರುವವರು ಯಾರಾದರೂ ಇದ್ದಾರಾ?

ಹಾಸನ ತಾರಸಿ · ಸಂಜೆ 5:30
ನಮ್ಮವರು ಗುರುವಾರ ಕೆಲಸದ ಮೇಲೆ ಬೇಲೂರು ಮಾರ್ಗವಾಗಿ ಚಿಕ್ಕಮಗಳೂರಿಗೆ ಹೋಗುತ್ತಾರೆ. ಟೀಚರ್, ಡಬ್ಬಿ ಅವರ ಕೈಗೆ ಕೊಡಿ. ಆಲ್ದೂರಿನವರು ಬಸ್‌ಸ್ಟ್ಯಾಂಡಿಗೆ ಬಂದರೆ ಆಯಿತು. ಬೆಕ್ಕಿನ ಮರಿ ಒಂದು ಜೊತೆಗೆ ಕಳಿಸಲಾ? ಕಣ್ಣು ಬಿಟ್ಟ ಮೇಲೆ.

ಆಲ್ದೂರು ಸೊಸೆ · ಸಂಜೆ 5:42
ಕುಡಿ ಸಾಕು ಅಕ್ಕ, ಮರಿ ಬೇಡ! ಕೆಂಚ ಈಗಾಗಲೇ ಚಾಪೆ ಹಿಡಿದಿದ್ದಾನೆ, ಇವರು ಇನ್ನೂ ನೆಲದಲ್ಲೇ.

ಗುರುವಾರ ಬರುತ್ತೇನೆ. ಟೀಚರ್, ನಿಮಗೆ ಒಂದು ಸೇರು ಜೀರಿಗೆ ಮೆಣಸು ತರಲಾ? ಅದಕ್ಕೆ ಯಾವ ಬಸವನಹುಳುವೂ ಬಾಯಿ ಹಾಕಿಲ್ಲ.